ಹಂಚಿನ ಹೈಸ್ಕೂಲಿನ ಬ್ಯಾಂಡು ಸುಮ್ಮನಾಗುವ ಜಾಗ

ಗುಬ್ಬಿಯಲ್ಲಿ ಯಾರನ್ನಾದರೂ ತಡೆದು ಖುರ್ಷಿದ್ ಪಾಷಾ ಯಾರು ಎಂದು ಕೇಳಿದರೆ, ಮದುವೆಯಾದವರು ‘ನಮ್ಮ ಮದುವೆಗೆ ಬ್ಯಾಂಡ್ ಬಾರಿಸಿದವನು’ ಎನ್ನುತ್ತಿದ್ದರು. ಮದುವೆಯಾಗದ ಹುಡುಗರು ‘ನಮ್ ಸ್ಕೂಲ್ ಬ್ಯಾಂಡ್ ಮೇಷ್ಟ್ರು’ ಎನ್ನುತ್ತಿದ್ದರು. ಎರಡೂ ನಿಜವೇ. ಪಾಷಾನನ್ನೇ ಕೇಳಿದ್ದರೆ ಮಾತ್ರ ಅವನು ಎದೆ ಸೆಟೆದು, ‘ಹಂಚಿನ ಹೈಸ್ಕೂಲು, ಸೈಡ್ ಡ್ರಮ್ಮು’ ಎನ್ನುತ್ತಿದ್ದ, ಮಿಲಿಟರಿಯಿಂದ ಬಂದವರು ತಮ್ಮ ಪಲ್ಟನ್ನಿನ ಹೆಸರು ಹೇಳುವ ಹಾಗೆ. ಅದೇ ಹೈಸ್ಕೂಲಿನಲ್ಲಿ ನೀನು ಎಸ್ಸೆಸ್ಸೆಲ್ಸಿ ಫೇಲಾಗಿದ್ದೆಯಲ್ಲಯ್ಯಾ ಎಂದು ಯಾರಾದರೂ ಕಾಲೆಳೆದರೆ, ‘ಫೇಲಾಗಿದ್ದು ಲೆಕ್ಕದಲ್ಲಿ ಸ್ವಾಮಿ, ಡ್ರಮ್ಮಲ್ಲಲ್ಲ’ ಎಂದು ಅಲ್ಲಿಗೇ ಮುಗಿಸುತ್ತಿದ್ದ.

ಹಂಚಿನ ಹೈಸ್ಕೂಲಿಗೆ ಸರ್ಕಾರ ಕೊಟ್ಟ ಉದ್ದನೆಯ ಹೆಸರೊಂದಿದೆ. ಅದು ಬೋರ್ಡಿಗಷ್ಟೇ ಉಪಯೋಗ. ಹಿಂದೆ ಛತ್ರವಾಗಿದ್ದ ಕಟ್ಟಡ, ಕೆಂಪು ಹಂಚಿನ ಮಾಡು, ಮಳೆ ಬಂದರೆ ಒಂಬತ್ತನೇ ಕ್ಲಾಸಿನವರು ಬೆಂಚು ಎತ್ತಿಕೊಂಡು ಹತ್ತನೇ ಕ್ಲಾಸಿಗೆ ಹೋಗಿ ಕೂರಬೇಕು. ಆದರೆ ಸುತ್ತಲಿಗೆಲ್ಲ ಹಳೆಯ ಹೈಸ್ಕೂಲು ಅದೇ. ಚೇಳೂರು ಕಡೆಯ ಹಳ್ಳಿಗಳಿಂದ ಮೊದಲ ಬಸ್ಸು ಹಿಡಿದು ಬರುವ ರೈತರ ಮಕ್ಕಳೂ, ಪೇಟೆಯ ಅಂಗಡಿಕಾರರ ಮಕ್ಕಳೂ, ಮೊಹಲ್ಲಾದ ದರ್ಜಿಗಳ, ಬಳೆಗಾರರ ಮಕ್ಕಳೂ ಒಂದೇ ಬೆಂಚಿನಲ್ಲಿ ಕಿತ್ತಾಡಿ ಬೆಳೆದ ಜಾಗ. ಹಳೇ ಶಾಲೆ ಅಂದಮೇಲೆ ಹಳೇ ಪದ್ಧತಿಗಳಿಗೇನು ಬರ. ಪ್ರತಿ ಬ್ಯಾಚಿನವರೂ ಒಂದು ತೆಂಗಿನ ಸಸಿ ನೆಡಬೇಕು, ಶಾಲೆ ಬಿಟ್ಟು ಹೋಗುವಾಗ ಎಂಟನೇ ಕ್ಲಾಸಿನವನೊಬ್ಬನ ಕಿವಿ ಹಿಂಡಿ ಅದಕ್ಕೆ ನೀರು ಹಾಕುವ ಕೆಲಸ ಒಪ್ಪಿಸಬೇಕು. ಶಾರದಾ ಪೂಜೆಯ ದಿನ ಕೋಸಂಬರಿಗೆ ಸೌತೆಕಾಯಿ ಹೆಚ್ಚುವವರು ಗಂಡು ಹುಡುಗರೇ. ಹುಡುಗಿಯರು ಕುರ್ಚಿ ಹಾಕಿಕೊಂಡು ಕೂತು ಅಪ್ಪಣೆ ಕೊಡುತ್ತಾರೆ. ಸ್ಕೂಲ್ ಡೇ ನಾಟಕದಲ್ಲಿ ರಾಜನ ವೇಷ ಯಾವಾಗಲೂ ಕಡೇ ಬೆಂಚಿನವನಿಗೆ. ಯಾವ ಪುಣ್ಯಾತ್ಮ ಮೇಷ್ಟ್ರು ಮಾಡಿಟ್ಟ ನಿಯಮಗಳೋ, ಹೆಡ್‌ಮಾಸ್ಟರುಗಳು ಬಂದರು, ಹೋದರು, ಇವನ್ನು ಮುಟ್ಟುವ ಧೈರ್ಯ ಯಾರೂ ಮಾಡಲಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಆಗಸ್ಟ್ ಹದಿನೈದರ ಮೆರವಣಿಗೆ. ಅವತ್ತು ಬೆಳಿಗ್ಗೆ ಊರಿನ ಎಲ್ಲ ಶಾಲೆಗಳ ಮಕ್ಕಳು ಸಾಲಾಗಿ ಪೇಟೆ ಬೀದಿಯಲ್ಲಿ ನಡೆದು ತಾಲ್ಲೂಕು ಮೈದಾನ ಸೇರುತ್ತಾರೆ. ಎಲ್ಲರಿಗಿಂತ ಮುಂದೆ ಹಂಚಿನ ಹೈಸ್ಕೂಲಿನ ಬ್ಯಾಂಡು. ಅದರ ಹಿಂದೆ ಉಳಿದ ಪ್ರಪಂಚ.

ಆ ಬ್ಯಾಂಡು ಕಟ್ಟಿದವರು ಡ್ರಿಲ್ ಮೇಷ್ಟ್ರು ಸದಾಶಿವಯ್ಯನವರು. ಪಾಷಾ ಎಂಟನೇ ಕ್ಲಾಸಿನಲ್ಲಿದ್ದಾಗ ಲೆಕ್ಕದ ಪಾಠದ ನಡುವೆ ಡೆಸ್ಕು ಬಡಿಯುತ್ತಿದ್ದುದು ಅವರ ಕಿವಿಗೆ ಬಿತ್ತು.

“ಏನ್ಲಾ ಅದು? ಡೆಸ್ಕು ನಿಮ್ಮಪ್ಪನ ಡೋಲೇನ್ಲಾ?”

“ನಮ್ಮಪ್ಪಂದು ಬ್ಯಾಂಡ್ ಸೆಟ್ಟೇ ಸಾರ್,” ಎಂದ ಹುಡುಗ, ಎದ್ದು ನಿಂತು. ಸುಳ್ಳಲ್ಲ, ಅವನ ಅಪ್ಪ ಮದುವೆ ಬ್ಯಾಂಡಿನವನು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಸದಾಶಿವಯ್ಯನವರು ಮಾತ್ರ ನಗಲಿಲ್ಲ. “ಹಂಗಾದ್ರೆ ಇಲ್ಲೇನ್ ಮಾಡ್ತಿದೀಯ, ಹೊರಗ್ ಬಾ,” ಎಂದು ಕರೆದುಕೊಂಡು ಹೋಗಿ ಕೊರಳಿಗೆ ಸೈಡ್ ಡ್ರಮ್ಮು ನೇತುಹಾಕಿದರು. ಪಾಷಾ ಮತ್ತೆ ಲೆಕ್ಕದ ಕ್ಲಾಸಿನ ಕಡೆ ಮನಸ್ಸು ಹರಿಸಿದ ಹಾಗೆ ಕಾಣುವುದಿಲ್ಲ.

ರಿಸಲ್ಟ್ ಬಂದ ದಿನ ಅವನು ಶಾಲೆಯ ಗೇಟಿನ ಹೊರಗೆ ಹೊಂಗೆ ಮರಕ್ಕೆ ಒರಗಿ ಕೂತಿದ್ದ. ಮನೆಗೆ ಹೋಗಲು ಮುಖವಿರಲಿಲ್ಲ. ಆ ಮರದ ಕೆಳಗೆ ಪುಟ್ಟಗಂಗಮ್ಮ ಎಂಬಾಕೆ ಗೋಣಿಚೀಲ ಹಾಸಿ ಸೀಬೆಹಣ್ಣು, ಬೋರೆಹಣ್ಣು, ನೆಲ್ಲಿಕಾಯಿ ಮಾರುತ್ತಿದ್ದಳು. ಆಕೆ ಒಂದು ಸೀಬೆಹಣ್ಣು ಸೀಳಿ, ಉಪ್ಪು ಖಾರ ಸವರಿ, ಅವನ ಕೈಗೆ ತುರುಕಿದಳು.

“ತಿನ್ನು. ಫೇಲಾದೋರ್ಗೂ ಹಸಿವಾಯ್ತದೆ.”

ಅಳುತ್ತಲೇ ತಿಂದ. ಆ ಹಣ್ಣಿನ ಖಾರ ಜೀವನಪೂರ್ತಿ ನೆನಪಿತ್ತು ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಅಪ್ಪನ ಬ್ಯಾಂಡ್ ಸೆಟ್ಟು ಮಗನ ಕೈಗೆ ಬಂತು. ತುಮಕೂರು, ಹೆಬ್ಬೂರು, ಕುಣಿಗಲ್ ಅಂತ ಎಲ್ಲಿ ಮದುವೆಯೋ ಅಲ್ಲಿ ಪಾಷಾ. ಸದಾಶಿವಯ್ಯನವರು ನಿವೃತ್ತರಾಗುವಾಗ ಅವನನ್ನು ಕರೆಸಿ, “ಮಕ್ಕಳ ಕೈ ನೋಡ್ಕೊಳ್ಳಯ್ಯ,” ಎಂದರು. ಅಷ್ಟೇ ಮಾತು. ಆಷಾಢದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಬ್ಯಾಂಡಿನವರಿಗೆ ಕೈತುಂಬ ಬಿಡುವು. ಅವತ್ತಿನಿಂದ ಪ್ರತಿ ಆಷಾಢಕ್ಕೂ ಪಾಷಾ ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು, ಹಿಂದಿನ ಜೇಬಿನಲ್ಲಿ ಎರಡು ಡ್ರಮ್ಮಿನ ಕೋಲು ಸಿಕ್ಕಿಸಿಕೊಂಡು ಶಾಲೆಗೆ ಹೊರಟುಬಿಡುತ್ತಿದ್ದ. ಹಾಗೆ ಹೊರಟವನನ್ನು ನೋಡಿದರೆ ಫೇಲಾದ ಹುಡುಗ ಎಂದು ಯಾರೂ ಹೇಳುವಂತಿರಲಿಲ್ಲ.

ಅವನದೊಂದು ಹಟವಿತ್ತು. ಮೆರವಣಿಗೆಯ ದಾರಿಯಲ್ಲಿ ಸಾವಾದ ಮನೆ ಕಂಡರೆ ಅವನ ಬ್ಯಾಂಡು ಬಾಯಿ ಮುಚ್ಚುತ್ತಿತ್ತು. ಎರಡು ಕೋಲನ್ನೂ ತಲೆಯ ಮೇಲೆ ಎತ್ತಿ ಅಡ್ಡಡ್ಡ ಹಿಡಿದನೆಂದರೆ ಡ್ರಮ್ಮು, ಕಹಳೆ, ತಾಳ ಎಲ್ಲ ಗಪ್‌ಚುಪ್. ಆ ಮನೆ ದಾಟಿದ ಮೇಲೇ ಮತ್ತೆ ಸದ್ದು. ಒಮ್ಮೆ ಕುಣಿಗಲ್ಲಿನಲ್ಲಿ ಗಂಡಿನ ಕಡೆಯ ದೊಡ್ಡ ಮನುಷ್ಯರೊಬ್ಬರು ಇದಕ್ಕೆ ಬೆಂಕಿಯಾದರು. ಮದುಮಗನ ಕುದುರೆ ಬೀದಿ ನಡುವೆ ಮೂಕ ಮೆರವಣಿಗೆಯಲ್ಲಿ ಹೋಗಬೇಕೇ, ಅಪಶಕುನ, ಬಾರಿಸೋ ಎಂದು ಗದರಿದರು. ಪಾಷಾ ಕೋಲು ಇಳಿಸಲಿಲ್ಲ. “ಒಳಗೆ ಅಳ್ತಾ ಅವ್ರೆ ಸ್ವಾಮಿ. ಅವರ ಅಳು ನಮ್ ಸದ್ದಲ್ಲಿ ಮುಚ್ಚೋಗ್ಬಾರ್ದು,” ಎಂದ. ಆ ಮನೆಯವರು ಮತ್ತೆಂದೂ ಅವನನ್ನು ಕರೆಯಲಿಲ್ಲ. ಅವನು ಅದಕ್ಕೆ ತಲೆ ಕೆಡಿಸಿಕೊಳ್ಳಲೂ ಇಲ್ಲ. ಶಾಲೆಯ ಮಕ್ಕಳನ್ನು ಅಭ್ಯಾಸಕ್ಕೆಂದು ಬೀದಿಗೆ ಕರೆದುಕೊಂಡು ಹೋದಾಗಲೂ ಹೀಗೇ ಮಾಡುತ್ತಿದ್ದ. ಅವರಿಗೆ ಕೋಲು ಎತ್ತಿ ಅಡ್ಡ ಹಿಡಿಯುವುದೂ ಎಡಗಾಲು ಮುಂದಿಡುವುದೂ ಒಂದೇ ಪಾಠದಲ್ಲಿ ಬಂತು.

ಹೀಗೆ ನಡೆದುಕೊಂಡು ಬಂದು ತೊಂಬತ್ತೇಳನೇ ಇಸವಿ ಬಂತು. ಸ್ವಾತಂತ್ರ್ಯ ಬಂದು ಐವತ್ತು ವರ್ಷ. ಊರಿಗೆ ಊರೇ ಸುಣ್ಣ ಬಳಿದುಕೊಂಡು ಕಾಯುತ್ತಿರುವಾಗ ಊರಾಚೆಯ ಹೊಸ ಕಾನ್ವೆಂಟಿನವರು ಹೊಸ ಬ್ಯಾಂಡು ತರಿಸಿದರು. ಡ್ರಮ್ಮುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಮಕ್ಕಳಿಗೆ ಬಿಳಿ ಗ್ಲೌಸು, ಟೋಪಿಯ ಮೇಲೆ ಕೆಂಪು ಕುಚ್ಚು. ಹಂಚಿನ ಹೈಸ್ಕೂಲಿನ ಹುಡುಗರಲ್ಲಿ ಅರ್ಧ ಜನಕ್ಕೆ ಹವಾಯಿ ಚಪ್ಪಲಿ. ಪೂರ್ವಭಾವಿ ಸಭೆಯಲ್ಲಿ ಕಾನ್ವೆಂಟಿನವರು ಈ ವರ್ಷ ಮುಂದಿನ ಜಾಗ ತಮಗೇ ಬೇಕು ಎಂದು ಪಟ್ಟು ಹಿಡಿದರು. ತಹಸೀಲ್ದಾರರು ಅವರಿಗೂ ಬೇಡ ಇವರಿಗೂ ಬೇಡ ಎನ್ನುವಂಥ ತೀರ್ಮಾನ ಕೊಟ್ಟರು: ಈ ಸಲ ಹಂಚಿನ ಹೈಸ್ಕೂಲೇ ಮುಂದೆ. ಆದರೆ ದಾರಿಯಲ್ಲಿ ಬ್ಯಾಂಡು ಒಂದು ಕಡೆ ಎಡವಿದರೂ, ನಿಂತರೂ ಮುಂದಿನ ವರ್ಷದಿಂದ ಆ ಜಾಗ ಸರದಿಯ ಮೇಲೆ ಎಲ್ಲ ಶಾಲೆಗಳಿಗೂ.

ಹೆಡ್‌ಮಾಸ್ಟರು ಚಿಕ್ಕಬೀರಯ್ಯನವರು ಸಭೆಯಿಂದ ನೇರವಾಗಿ ಪಾಷಾನ ಮನೆಗೇ ಬಂದರು.

“ಸದಾಶಿವಯ್ಯನೋರ ಕಾಲದಿಂದ ಬಂದದ್ದು ಪಾಷಾ. ನನ್ ಕಾಲದಲ್ಲಿ ಹೋಯ್ತು ಅನ್ನಿಸ್ಕೊಳ್ಳೋಕೆ ನನಗಿಷ್ಟ ಇಲ್ಲ.”

“ನನ್ ಕಾಲದಲ್ಲೂ ಹೋಗಲ್ಲ ಬಿಡಿ ಸಾರ್,” ಎಂದ ಪಾಷಾ.

ಆ ವರ್ಷ ಸೈಡ್ ಡ್ರಮ್ಮಿನ ಮುಂದಾಳು ಅವನ ಮಗಳು ಮೆಹನಾಜ್, ಹತ್ತನೇ ಕ್ಲಾಸು. ಆ ಜಾಗಕ್ಕೆ ಹುಡುಗಿಯೊಬ್ಬಳು ಬಂದದ್ದು ಅದೇ ಮೊದಲು. ಹುಡುಗಿ ಡ್ರಮ್ಮು ನೇತುಹಾಕಿಕೊಂಡು ಬೀದಿಯಲ್ಲಿ ಹೋಗುವುದೇ ಎಂದು ಮೊಹಲ್ಲಾದ ಒಬ್ಬಿಬ್ಬರು ಮೂಗು ಮುರಿದಾಗ ಅವಳ ತಾಯಿ ಜಮಾಲುನ್ನೀಸಾ, ‘ಅವಳ ಕೈ ಅವಳಪ್ಪನ ಕೈಗಿಂತ ಚುರುಕು, ಬೇಕಾದ್ರೆ ಬಂದು ಕೇಳಿ’ ಎಂದು ಬಾಗಿಲಲ್ಲೇ ನಿಂತು ಉತ್ತರ ಕೊಟ್ಟಿದ್ದಳು. ಅಭ್ಯಾಸದ ದಿನಗಳಲ್ಲಿ ಪಾಷಾ ಮಕ್ಕಳ ಮೈ ಹಣ್ಣು ಮಾಡಿದ. ಗೇಟಿನ ಹೊರಗೆ ಪುಟ್ಟಗಂಗಮ್ಮ, ಈಗ ಬೆನ್ನು ಬಾಗಿದ ಮುದುಕಿ, “ಬಾರ್ಸಿ ಬಾರ್ಸಿ ಕೈ ಬೊಬ್ಬೆ ಬಂದದೆ, ಬನ್ರೋ ಇಲ್ಲಿ,” ಎಂದು ಅವರ ಕೈಗೆಲ್ಲ ನೆಲ್ಲಿಕಾಯಿ ಹಾಕುತ್ತಿದ್ದಳು. ಆಗಸ್ಟ್ ಶುರುವಿನಲ್ಲಿ ಅವಳ ಗೋಣಿಚೀಲ ಕಾಣಲಿಲ್ಲ. ಜ್ವರವಂತೆ ಎಂದರು ಯಾರೋ. ಪಾಷಾ ಹೋಗಿ ನೋಡಬೇಕು ಅಂದುಕೊಂಡ, ಅಭ್ಯಾಸದ ಗಲಾಟೆಯಲ್ಲಿ ಮರೆತ.

ಹದಿನಾಲ್ಕರ ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಡೆಯ ಮಾತು ಹೇಳಿದ.

“ನೋಡ್ರಪ್ಪ, ಕೇಳ್ರಮ್ಮ. ನಾಳೆ ಆಕಾಶ ಕಳಚಿ ಬಿದ್ರೂ ಕೈ ನಿಲ್ಲಬಾರ್ದು. ನಾಯಿ ಅಡ್ಡ ಬರ್ಲಿ, ಬಸ್ ಅಡ್ಡ ಬರ್ಲಿ, ನಾನೇ ಬಿದ್ದು ಸಾಯ್ಲಿ. ಸ್ಕೂಲಿನಿಂದ ಮೈದಾನದವರ್ಗೂ ಒಂದೇ ಸಮ. ತಿಳೀತಾ?”

“ತಿಳೀತು ಸಾರ್!” ಎಂದು ಮಕ್ಕಳು ಕೂಗಿದರು. ಮೆಹನಾಜಳೂ ‘ಸಾರ್’ ಎಂದೇ ಕೂಗಿದಳು. ಶಾಲೆಯ ಒಳಗೆ ಅವನು ಅವಳಿಗೂ ಸಾರೇ.

ಮಾರನೆಯ ಬೆಳಿಗ್ಗೆ ಬಾನು ತಿಳಿಯಾಗಿತ್ತು. ಬ್ಯಾಂಡು ಗೇಟು ದಾಟಿ ಪೇಟೆ ಬೀದಿಗೆ ಬಂದಾಗ ಮಹಡಿಗಳ ಮೇಲೆಲ್ಲ ಜನ. ಹಳೆಯ ಡ್ರಮ್ಮುಗಳೇ, ಆದರೆ ಆ ದಿನ ಸದ್ದು ಎದೆಯೊಳಗೆ ಬಂದು ಬೀಳುತ್ತಿತ್ತು. ಪಾಷಾ ಬ್ಯಾಂಡಿನ ಜೊತೆ ಜೊತೆಗೇ, ಸ್ವಲ್ಪ ಮುಂದಾಗಿ, ಅಂಗಡಿಗಳ ಪಕ್ಕದಲ್ಲಿ ನಡೆಯುತ್ತಿದ್ದ. ಹಿಂದೆ ಕಾನ್ವೆಂಟಿನ ಕೆಂಪು ಕುಚ್ಚುಗಳು, ಅದರ ಹಿಂದೆ ಉಳಿದ ಶಾಲೆಗಳು. ತಪ್ಪು ಹುಡುಕುವುದಕ್ಕೆಂದೇ ನೇಮಕವಾದ ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ನಿಧಾನಕ್ಕೆ ಬರುತ್ತಿದ್ದರು. ಅವರಿಗೆ ಹುಡುಕಲು ಏನೂ ಸಿಕ್ಕಿರಲಿಲ್ಲ. ಪಾಷಾನಿಗೆ ಕುಣಿಯುವಷ್ಟು ಹಿಗ್ಗು.

ತಿರುವು ದಾಟಿದ್ದೇ ತಡ, ಅವನ ಹೆಜ್ಜೆ ತಡವರಿಸಿತು. ಮುಂದೆ, ಬಲಗಡೆ, ಒಂದು ಗಿಡ್ಡ ಮನೆಯ ಎದುರು ಹೊಗೆ ಏಳುತ್ತಿತ್ತು. ಸೌದೆ ತುಂಡುಗಳಿಗೆ ಉರಿ ಹಾಕಿದ್ದರು. ಅಂಗಳದಲ್ಲಿ ನಾಲ್ಕಾರು ಹೆಂಗಸರು ಕೂತಿದ್ದರು. ಅದು ಯಾರ ಮನೆಯೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಪಕ್ಕದ ಅಂಗಡಿಯವನು ಆದರೂ ಹೇಳಿದ: “ಪುಟ್ಟಗಂಗಮ್ಮ ಬೆಳಗಿನ ಜಾವ ಹೋಗ್ಬಿಟ್ಳು ಪಾಷಾ.”

ಅವನ ಕೈ ತಾನಾಗಿ ಹಿಂದಿನ ಜೇಬಿನ ಕೋಲಿಗೆ ಹೋಯಿತು. ಎತ್ತಿ ಅಡ್ಡ ಹಿಡಿದರೆ ಸಾಕು. ಆದರೆ ಹಿಂದೆ ಜೀಪು. ಸದಾಶಿವಯ್ಯನವರು ಕೊಟ್ಟುಹೋದ ಜಾಗ. ‘ನನ್ ಕಾಲದಲ್ಲೂ ಹೋಗಲ್ಲ ಬಿಡಿ ಸಾರ್’ ಎಂದ ತನ್ನದೇ ಮಾತು. ಮದುಮಗನ ಕುದುರೆಗೆ ಹೆದರದವನು, ದೊಡ್ಡ ಮನುಷ್ಯರ ಬೈಗುಳಕ್ಕೆ ಜಗ್ಗದವನು, ಅವತ್ತು ತನ್ನ ಶಾಲೆಯ ಹೆಸರಿಗೆ ಹೆದರಿದ. ಕೋಲಿನಿಂದ ಕೈ ತೆಗೆದ. ತೆಗೆದು, ಎದುರು ಸಾಲಿನ ಬಟ್ಟೆ ಅಂಗಡಿಯ ಬೋರ್ಡಿನ ಕಡೆ ಮುಖ ತಿರುಗಿಸಿ, ಅದರಲ್ಲಿ ಮಹಾ ಏನೋ ಬರೆದಿದೆ ಎನ್ನುವ ಹಾಗೆ ಓದುತ್ತ ನಿಂತ. ಫೇಲಾದ ಹುಡುಗನಿಗೆ ಸೀಬೆಹಣ್ಣು ಕೊಟ್ಟವಳ ಮನೆ ಮುಂದೆ, ಅವನೇ ಕಲಿಸಿದ ಡ್ರಮ್ಮು ಬಡಿದುಕೊಂಡು ಹೋಗಲಿದೆ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಗ ಸದ್ದು ನಿಂತಿತು.

ಕಡಿದ ಹಾಗೆ ನಿಂತಿತು. ಪಾಷಾ ತಿರುಗಿ ನೋಡಿದ. ಬ್ಯಾಂಡಿನ ಮುಂದೆ ಮೆಹನಾಜ್, ಎರಡು ಕೋಲನ್ನೂ ತಲೆಯ ಮೇಲೆ ಎತ್ತಿ ಅಡ್ಡಡ್ಡ ಹಿಡಿದಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಅಪ್ಪನ ಮುಖವನ್ನಂತೂ ಇಲ್ಲವೇ ಇಲ್ಲ. ಅವಳ ಹಿಂದೆ ಮಕ್ಕಳೆಲ್ಲ ಕೈ ಇಳಿಬಿಟ್ಟು, ಕಾಲು ಮಾತ್ರ ಒಂದೇ ಸಮ ಇಡುತ್ತ ಬರುತ್ತಿದ್ದರು. ಕ್ಯಾನ್ವಾಸ್ ಷೂ, ಹವಾಯಿ ಚಪ್ಪಲಿ, ಒಂದಿಬ್ಬರ ಬರಿಗಾಲು. ಹಿಂದೆ ಕಾನ್ವೆಂಟಿನ ಬ್ಯಾಂಡು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಬಾರಿಸಿ, ಯಾಕೆಂದು ತಿಳಿಯದೆ ಒಂದೊಂದೇ ಡ್ರಮ್ಮು ತಡವರಿಸಿ, ಕಡೆಗೆ ಅದೂ ಸುಮ್ಮನಾಯಿತು. ಅಂಗಳದಲ್ಲಿ ಕೂತಿದ್ದ ಪುಟ್ಟಗಂಗಮ್ಮನ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ನಿಂತಳು. ಇಷ್ಟೊಂದು ಮಕ್ಕಳು, ಇಷ್ಟೊಂದು ಬಾವುಟ, ಒಬ್ಬ ಹಣ್ಣಿನ ಮುದುಕಿಗೆ.

ಮನೆ ದಾಟಿ ಮೂಲೆ ತಿರುಗಿದ ಮೇಲೆ ಮೆಹನಾಜಳ ಕೋಲು ಇಳಿಯಿತು. ಮೊದಲ ಪೆಟ್ಟು ಎಲ್ಲರ ಎಡಗಾಲಿನ ಮೇಲೇ ಬಿತ್ತು. ಒಬ್ಬರೂ ಹಿಂದೆ ಬೀಳಲಿಲ್ಲ, ಒಬ್ಬರೂ ಮುಂದೆ ಹೋಗಲಿಲ್ಲ. ಪಾಷಾ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅತ್ತ.

ಮೈದಾನದಲ್ಲಿ ಬಾವುಟ ಹಾರಿತು, ಭಾಷಣವಾಯಿತು, ಸಿಹಿ ಹಂಚಿದರು. ಆಮೇಲೆ ತಹಸೀಲ್ದಾರರು ಕರೆಸಿ ಕೇಳಿದರು, “ದಾರೀಲಿ ಬ್ಯಾಂಡು ಯಾಕಮ್ಮ ನಿಲ್ತು?”

“ಸಾವಿನ ಮನೆ ಇತ್ತು ಸಾರ್,” ಎಂದಳು ಮೆಹನಾಜ್.

“ನಿಲ್ಸು ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸಾರ್. ನಾವು ಹಂಗೇ ಕಲ್ತಿರೋದು.”

ತಹಸೀಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಆದರೆ ಸಭೆಯ ಮುಂದೆ ಆಡಿದ ಮಾತಿಗೆ ಕಟ್ಟುಬಿದ್ದವರು. ನಿಂತದ್ದು ನಿಂತದ್ದೇ, ಮುಂದಿನ ವರ್ಷದಿಂದ ಸರದಿ ಎಂದರು. ಹಂಚಿನ ಹೈಸ್ಕೂಲಿನ ಕೈಯಿಂದ ಆ ಜಾಗ ಹೀಗೆ ಹೋಯಿತು.

ಪಾಷಾ ತಲೆ ತಗ್ಗಿಸಿಕೊಂಡೇ ಚಿಕ್ಕಬೀರಯ್ಯನವರ ಎದುರು ನಿಂತ. ಅವರು ಅವನ ಬೆನ್ನ ಮೇಲೆ ಕೈ ಹಾಕಿದರು. “ನಾನೂ ಅವಳ ಹತ್ರ ಬೋರೆಹಣ್ಣು ತಿಂದವನೇ ಕಣಯ್ಯ,” ಎಂದರು. ಮಾರನೆಯ ದಿನ ಪ್ರಾರ್ಥನೆಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ತೆಂಗಿನ ಸಸಿಯ ಹಾಗೆ, ಕೋಸಂಬರಿಯ ಹಾಗೆ, ಸಾವಿನ ಮನೆಯ ಮುಂದೆ, ಪ್ರತಿ ವರ್ಷ ಪುಟ್ಟಗಂಗಮ್ಮನ ಮನೆಯ ಮುಂದೆ ಬ್ಯಾಂಡು ಸುಮ್ಮನಾಗುವುದೂ ಇನ್ನು ಮೇಲೆ ಈ ಶಾಲೆಯ ಪದ್ಧತಿ ಎಂದು ಹೇಳಿ ಮಕ್ಕಳನ್ನು ಕ್ಲಾಸಿಗೆ ಕಳಿಸಿದರು.

ಹದಿನೈದರ ರಾತ್ರಿಯೇ ಪಾಷಾ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡಿದ್ದ, ಮನೆಮಾತಿನಲ್ಲಿ, ತಗ್ಗಿದ ದನಿಯಲ್ಲಿ. ತಾನು ಮುಖ ತಿರುಗಿಸಿದ್ದನ್ನೂ ಬಿಡಲಿಲ್ಲ. ಜಮಾಲುನ್ನೀಸಾ ರೊಟ್ಟಿ ಬಡಿಸುತ್ತ, ನೀವು ಕಲಿಸಿದ್ದು ನಿಮಗಿಂತ ಗಟ್ಟಿಯಾಗಿದೆ, ಅದಕ್ಕೆ ಖುಷಿಪಡೋದು ಬಿಟ್ಟು ಅಳ್ತೀರಲ್ಲ ಎಂದು ಬೈದಳು. ಅವನಿಗೂ ಹೌದೆನ್ನಿಸಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಮುಂದೆ ವರ್ಷಗಳು ಸರಸರ ಹೋದವು. ಹಂಚಿನ ಹೈಸ್ಕೂಲು ಒಂದು ವರ್ಷ ಎರಡನೆಯದಾಗಿ, ಒಂದು ವರ್ಷ ಕಡೆಯದಾಗಿ ನಡೆಯಿತು. ಎಲ್ಲಿ ನಡೆದರೂ ಆ ಗಿಡ್ಡ ಮನೆಯ ಮುಂದೆ ಅದರ ಬ್ಯಾಂಡು ಸುಮ್ಮನಾಗುತ್ತಿತ್ತು. ಪುಟ್ಟಗಂಗಮ್ಮನ ತಂಗಿಯೂ ಹೋದಳು, ಮನೆ ಬಿದ್ದು ಅಲ್ಲೊಂದು ಮೊಬೈಲ್ ರೀಚಾರ್ಜ್ ಅಂಗಡಿ ಬಂತು. ಅದರ ಮುಂದೆಯೂ ಮೌನ. ಅಂಗಡಿಯ ಹುಡುಗನಿಗೆ ಮೊದಲ ವರ್ಷ ಗಾಬರಿಯಾಯಿತು, ಆಮೇಲೆ ಅವನೇ ಆ ಹೊತ್ತಿಗೆ ಟೇಪ್‌ರೆಕಾರ್ಡರು ಆರಿಸಿ ಎದ್ದು ನಿಲ್ಲತೊಡಗಿದ. ಮೆಹನಾಜ್ ಓದಿ ಟೀಚರಾಗಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ಶಾಲೆಗೆ ಹೋದಳು. ಅಲ್ಲೂ ಒಂದು ಬ್ಯಾಂಡು ಕಟ್ಟಿದ್ದಾಳೆ, ಅಲ್ಲಿನ ಮಕ್ಕಳಿಗೂ ಮೊದಲ ಪಾಠ ಕೋಲು ಅಡ್ಡ ಹಿಡಿಯುವುದೇ ಎಂದು ಗೊತ್ತಾದ ದಿನ ಪಾಷಾ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಟೀ ಕುಡಿಸಿದ.

ಎರಡು ಸಾವಿರದ ಆರನೇ ಇಸವಿಯಲ್ಲಿ ಚಿಕೂನ್‌ಗುನ್ಯಾ ಬಂತು. ಆ ವರ್ಷ ನಮ್ಮ ಸೀಮೆಯಲ್ಲಿ ನೆಟ್ಟಗೆ ನಿಂತ ಮನುಷ್ಯನೇ ಇರಲಿಲ್ಲ ಎನ್ನಬಹುದು. ಪಾಷಾನ ಮಂಡಿ, ಮಣಿಕಟ್ಟು, ಬೆರಳು ಎಲ್ಲ ಊದಿ, ಆಷಾಢವಿಡೀ ಹಾಸಿಗೆ. ತುಮಕೂರಿನ ಆಸ್ಪತ್ರೆಗೂ ಸೇರಿಸಿ ಕರೆತಂದರು. ಹಿಂದಿನ ವರ್ಷ ಅವನ ಹತ್ತಿರ ಕಲಿತ ಮಕ್ಕಳೇ ಈ ಸಲ ಹೊಸಬರಿಗೆ ಕಲಿಸಿದರು. ಚೇಳೂರು ಕಡೆಯಿಂದ ಬರುವ ರೈತ ಓಬಳಯ್ಯನ ಮಗಳು ಸುಶ್ಮಿತಾ ಮುಂದಾಳು. ಅದೃಷ್ಟ ನೋಡಿ, ಆ ವರ್ಷ ಸರದಿಯಲ್ಲಿ ಮುಂದಿನ ಜಾಗ ಹಂಚಿನ ಹೈಸ್ಕೂಲಿಗೇ ಬಂದಿತ್ತು. ರಸ್ತೆ ಕೆಲಸದಿಂದಾಗಿ ಮೆರವಣಿಗೆ ಪಾಷಾನ ಬೀದಿಯಲ್ಲೇ ಹಾದುಹೋಗಬೇಕಿತ್ತು.

“ನನ್ ಬ್ಯಾಂಡು ನನ್ ಬಾಗಿಲ ಮುಂದೆ ಹೋಗೋವಾಗ ನಾನು ಮಲಗಿರ್ಲಾ?” ಎಂದು ಅವನು ಬೆಳಿಗ್ಗೆಯೇ ರಂಪ ಮಾಡಿದ. ಮಗ ಅತೀಕ್ ಶಾಮಿಯಾನದವರಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಮನೆ ಮುಂದೆ ಹಾಕಿದ. ಅಪ್ಪನನ್ನು ಎತ್ತಿ ತಂದು ಕೂರಿಸಿ, ಬಿಳಿ ಚಾದರ ಹೊದಿಸಿದ. ನೆರೆಹೊರೆಯವರು ಬಂದು ಉಳಿದ ಕುರ್ಚಿಗಳಲ್ಲಿ ಕೂತರು. ಎಲ್ಲರಿಗೂ ಕೀಲುನೋವು, ಹಾಗಾಗಿ ಎಲ್ಲರ ಮುಖವೂ ಸಪ್ಪಗೆ.

ದೂರದಲ್ಲಿ ಡ್ರಮ್ಮು ಕೇಳಿಸಿತು. ಪಾಷಾ ಕಣ್ಣು ಮುಚ್ಚಿ ಕುರ್ಚಿಯ ಕೈಯ ಮೇಲೆ ಊದಿದ ಬೆರಳಾಡಿಸಿದ. ಸದ್ದು ಬೀದಿಗೆ ತಿರುಗಿತು, ಹತ್ತಿರವಾಯಿತು, ಇನ್ನೇನು ಮನೆ ಮುಂದೆ ಎನ್ನುವಷ್ಟರಲ್ಲಿ ಕಡಿದ ಹಾಗೆ ನಿಂತುಹೋಯಿತು.

ಆ ಮೌನ ಅವನಿಗೆ ಗೊತ್ತು. ಯಾರೋ ತೀರಿಕೊಂಡಿದ್ದಾರೆ! ತಮ್ಮ ಬೀದಿಯಲ್ಲೇ, ತನಗೆ ಸುದ್ದಿಯೇ ಇಲ್ಲದೆ. ಹಿಂದೊಮ್ಮೆ ಮುಖ ತಿರುಗಿಸಿದ್ದು ಸಾಕು ಎಂದುಕೊಂಡು, ಮಂಡಿ ಕಟಕಟ ಎಂದರೂ ಬಿಡದೆ, ಅತೀಕನ ಹೆಗಲು ಹಿಡಿದು ಎದ್ದು ನಿಂತ. ತಲೆ ಬಗ್ಗಿಸಿದ. ಒಂದು ಕ್ಷಣ ಬಿಟ್ಟು, ಯಾರ ಮನೆ ಎಂದು ನೋಡಲು ಮೆಲ್ಲನೆ ಕಣ್ಣೆತ್ತಿದ.

ಎದುರಿಗೆ ಸುಶ್ಮಿತಾ, ಕೋಲು ಅಡ್ಡ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು, ಕೆನ್ನೆಯ ಮೇಲೆ ನೀರು. ಅವಳ ಹಿಂದೆ ಬ್ಯಾಂಡಿಗೆ ಬ್ಯಾಂಡೇ ಅವನನ್ನೇ ಬಾಯಿಬಿಟ್ಟು ನೋಡುತ್ತಿತ್ತು. ಪಾಷಾ ಆ ಮಕ್ಕಳನ್ನು ನೋಡಿದ, ಸಾಲು ಕುರ್ಚಿಗಳನ್ನು ನೋಡಿದ, ಸಪ್ಪಗೆ ಕೂತ ನೆರೆಹೊರೆಯವರನ್ನು ನೋಡಿದ, ತನ್ನ ಮೈಮೇಲಿನ ಬಿಳಿ ಚಾದರ ನೋಡಿಕೊಂಡ.

“ಅಯ್ಯೋ ನಿಮ್ಮ! ನಾನಿನ್ನೂ ಸತ್ತಿಲ್ಲ ಕಣ್ರೋ!”

ಬೀದಿ ಗೊಳ್ಳೆಂದಿತು. ಜಮಾಲುನ್ನೀಸಾ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ತನಗಾಗಿ ಆ ಮೌನ ಹೇಗಿರುತ್ತದೆಂದು ಬದುಕಿದ್ದೇ ಕೇಳಿದ ಮನುಷ್ಯ ಪ್ರಪಂಚದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಅದು ಎಷ್ಟು ಚೆನ್ನಾಗಿತ್ತೆಂದು ಅವನಿಗೆ ಮಾತ್ರ ಗೊತ್ತು.

“ಏನ್ ನೋಡ್ತಾ ನಿಂತೀರಾ, ಬಾರ್ಸ್ರೋ!”

ಸುಶ್ಮಿತಾ ಕೋಲು ಇಳಿಸಿದಳು. ಮುಂದೆ ನಡೆಯಬೇಕಾದ ಬ್ಯಾಂಡು ನಡೆಯಲಿಲ್ಲ. ಮದುವೆ ಮನೆಯ ಬಾಗಿಲಲ್ಲಿ ನಿಲ್ಲುವ ಹಾಗೆ ಅಲ್ಲೇ ನಿಂತು, ಹಂಚು ಹಾರುವಂತೆ ಬಾರಿಸಿತು. ಹಿಂದೆ ಊರಿನ ಶಾಲೆಗಳೆಲ್ಲ ಸಾಲುಗಟ್ಟಿ ಕಾದವು, ಮೈದಾನದಲ್ಲಿ ತಹಸೀಲ್ದಾರರು ಕಾದರು, ಬಾವುಟವೂ ಕಾಯಿತು. ಪಾಷಾ ಕುರ್ಚಿಯ ಬೆನ್ನು ಹಿಡಿದು ನೆಟ್ಟಗೆ ನಿಂತು, ತಲೆಯಾಡಿಸುತ್ತ, ಅಷ್ಟು ಸದ್ದಿನ ನಡುವೆಯೂ ಕೂಗಿ ಹೇಳಿದ:

“ಎಡಗೈ ಸ್ವಲ್ಪ ಜೋರು ಮಾಡಮ್ಮ!”